ಹೇಳದೆ ಕೇಳದೆ ಹೊಳೆದ ತಾಮ್ರ

"ನಾಲಗೆಗೆ ಹಚ್ಚಬೇಡ ಚಿಕ್ಕಿ, ಅದು ತಿನ್ನು ಸಾಮಾನಲ್ಲ," ಎಂದ ಪ್ರದೀಪ.

ಅಷ್ಟರಲ್ಲಿ ಭಾರತಿ ಹಚ್ಚಿಯಾಗಿತ್ತು. ಅಂಗೈಯಗಲದ ತಾಮ್ರದ ತಟ್ಟೆಯ ಸ್ಕ್ರೂ ತೂತಿಗೆ ಗುಂಡುಸೂಜಿ ಹಾಕಿ ಕೆದಕಿದಾಗ ಒಂದು ಕಂದು ಕಣ ಸಿಕ್ಕಿತ್ತು. ಬೆರಳ ತುದಿಗೆ ತೆಗೆದು ಮೂಗಿಗೆ ಹಿಡಿದಳು. ಸಮಾಧಾನವಾಗಲಿಲ್ಲ, ನಾಲಗೆಗೇ ಇಟ್ಟಳು. ಆಮೇಲೆ ಕಣ್ಣು ಕಿರಿದು ಮಾಡಿ ರುಚಿ ನೋಡಿದಳು.

"ಎಂತ ಅದು?"

"ತಡಿಯೋ ಮಾರಾಯ. ಒಂದು ಗಳಿಗೆ ಬಾಯಿ ಮುಚ್ಕಂಡಿರು."

ಭಾರತಿಗೆ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲಿ. ಶ್ರಾವಣದಲ್ಲಂತೂ ಕೇಳುವುದೇ ಬೇಡ, ಮೀನು ಕಾಣದೆ ತಿಂಗಳಾಗುತ್ತ ಬಂದಿರುತ್ತದೆ. ಪೊಲೀಸ್ ಇಲಾಖೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿದ್ದವಳು ಕೆಲಸ ಬಿಟ್ಟು ಕಾರವಾರದಲ್ಲಿ ಮನೆ ಮಾಡಿಕೊಂಡ ಮೇಲೆ, ಠಾಣೆಗೆ ಒಯ್ಯಲಾಗದ ತಂಟೆಗಳನ್ನೆಲ್ಲ ಜನ ಅವಳ ಬಾಗಿಲಿಗೆ ತರುತ್ತಾರೆ. ಈ ಸಲ ತಂದವನು ಅವರ್ಸಾದ ಅಕ್ಕನ ಮಗ ಪ್ರದೀಪ. ತನ್ನ ಕಂಪ್ಯೂಟರಿನ ತಾಮ್ರದ ತಟ್ಟೆಯನ್ನು ಜೀವದ ಗೆಳೆಯ ರೋಷನನೇ ಕದ್ದು, ಆ ಜಾಗದಲ್ಲಿ ನಕಲಿ ಮಾಲು ಇಟ್ಟು ಹೋಗಿದ್ದಾನೆ ಎಂಬುದು ಅವನ ದೂರು.

ಅವರ್ಸಾದ ಮನೆಯಲ್ಲಿ ತನ್ನ ಕೋಣೆಯ ಮೇಜಿನ ಮೇಲೆ ಪ್ರದೀಪ ಹಳೆ ಹೊದಿಕೆ ಹಾಸಿ ಸಾಮಾನು ಹರಡಿಟ್ಟಿದ್ದ. ನಡುವೆ ಪಕ್ಕದ ಗಾಜು ಬಿಚ್ಚಿದ ಕಂಪ್ಯೂಟರ್ ಕ್ಯಾಬಿನೆಟ್ಟು. ಅದರೊಳಗೆ ರಟ್ಟಿನಲ್ಲಿ ಕತ್ತರಿಸಿದ ರೇಡಿಯೇಟರು, ಎಳನೀರು ಕುಡಿಯುವ ಸ್ಟ್ರಾ ಬಗ್ಗಿಸಿ ಮಾಡಿದ ಪೈಪುಗಳು. ನಿಜವಾದದ್ದನ್ನು ಕೊಳ್ಳುವ ಮೊದಲು ಯಾವುದು ಎಲ್ಲಿ ಕೂರುತ್ತದೆ ಎಂದು ಗೆಳೆಯರಿಬ್ಬರೂ ಸುಳ್ಳಿನದನ್ನು ಮಾಡಿ ನೋಡುತ್ತಿದ್ದರು. ಕಳೆದ ಗಣೇಶ ಚವತಿಗೆ ಹತ್ತಿದ ಹುಚ್ಚು ಈ ಚವತಿ ಬಂದರೂ ಇಳಿದಿರಲಿಲ್ಲ. ದಪ್ಪ ರೇಡಿಯೇಟರು ಹಾಕಿದರೆ ಫ್ಯಾನು ಕೂರುವುದಿಲ್ಲ, ತೆಳ್ಳಗಿನದು ಹಾಕಿದರೆ ತಣಿಯುವುದಿಲ್ಲ ಎಂಬ ಒಂದೇ ಮಾತಿಗೆ ಇಬ್ಬರೂ ಒಂದು ಇಡೀ ಮಳೆಗಾಲ ಜಗಳವಾಡಿದ್ದಾರೆಂದು ಅಕ್ಕ ನಾಗಮ್ಮ ಹೇಳುತ್ತಿದ್ದಳು.

"ಮತ್ತೊಂದು ಸಲ ಹೇಳು," ಎಂದಳು ಭಾರತಿ. "ನೀರು ಎಲ್ಲಿಂದ ಎಲ್ಲಿಗೆ ಹೋಗ್ತದೆ?"

ಪ್ರದೀಪನ ಮುಖ ಅರಳಿತು. ಎಷ್ಟು ದುಃಖದಲ್ಲಿದ್ದರೂ ಈ ಪ್ರಶ್ನೆ ಕೇಳಿದರೆ ಸಾಕು, ಹುಡುಗಾಟದ ಕಳೆ ಬಂದುಬಿಡುತ್ತಿತ್ತು. ಕೈಗಾ ಅಣುಸ್ಥಾವರದಲ್ಲಿ ತಂತ್ರಜ್ಞನಾಗಿದ್ದು ಮೂವತ್ತರ ಹತ್ತಿರ ಬಂದವನಿಗೆ ಮದುವೆಯ ಮಾತೆತ್ತಿದರೆ ಮಾತ್ರ ಕಿವಿ ಕೇಳದು.

"ಆಟ ಆಡುವಾಗ ಇದರ ತಲೆ ಕಾಯ್ತದೆ ಚಿಕ್ಕಿ. ಬರೀ ಫ್ಯಾನಿಗೆ ತಣಿಯುದಿಲ್ಲ. ಅದಕ್ಕೆ ಇಲ್ಲಿ ಪಂಪು. ಅದು ನೀರು ದೂಡ್ತದೆ. ನೀರು ಈ ತಾಮ್ರದ ಗೆರೆಗಳೊಳಗೆ ಹೊಕ್ಕಿ, ಕಾವು ಎತ್ಕಂಡು ರೇಡಿಯೇಟರಿಗೆ ಹೋಗ್ತದೆ. ಅಲ್ಲಿ ತಣಿದು ತಿರುಗಿ ಟ್ಯಾಂಕಿಗೆ. ಅಂಗಡಿಲಿ ತಯಾರು ಸಿಗ್ತದೆ, ಅದು ಬೇಡ. ನಾವೇ ಜೋಡಿಸಬೇಕು ಅಂತ ರೋಷನ..."

ಹೆಸರು ಬಾಯಿಗೆ ಬಂದದ್ದೇ ಮಾತು ನಿಂತಿತು. ಅರಳಿದ ಮುಖ ಮುದುಡಿತು.

"ಈ ತಟ್ಟೆ ಈಗ ಯಾರೂ ಮಾಡುದಿಲ್ಲ," ಎಂದ ಅವಳ ಕೈಯತ್ತ ಬೆರಳು ತೋರಿಸಿ. "ನಮ್ಮ ಗ್ರಾಫಿಕ್ಸ್ ಕಾರ್ಡು ಹಳೆ ಮಾಡೆಲ್ಲು. ಅದಕ್ಕೆ ಕೂರು ಬ್ಲಾಕು, ಅಂದ್ರೆ ಈ ತಟ್ಟೆ, ಹುಡುಕಿ ಹುಡುಕಿ ಸಾಕಾಗಿ, ಕಡಿಗೆ ಪುಣೆಯವ ಒಬ್ಬ ತಾನು ಬಳಸಿದ್ದು ಕೊಟ್ಟ. ಕಂದು ಬಣ್ಣಕ್ಕೆ ತಿರುಗಿತ್ತು. ಅಡ್ಡಿಲ್ಲ, ಅಸಲಿ ಮಾಲು. ಅಳತೆ ನೋಡುಕೆ ಮುಚ್ಚಳ ಬಿಚ್ಚಿ ಇಲ್ಲೇ ಇಟ್ಟು ಪಾಳಿಗೆ ಹೋದೆ. ಬಂದು ನೋಡಿದ್ರೆ ಹೀಗೆ ಹೊಳೀತದೆ. ಹಳೆ ತಾಮ್ರ ತನ್ನಷ್ಟಕ್ಕೆ ಹೊಸದಾಗ್ತದಾ?"

"ಆ ದಿವಸ ಬಂದವ ರೋಷನ ಒಬ್ಬನೇ?"

"ಒಬ್ಬನೇ. ರೇಡಿಯೇಟರಿನ ಅಳತೆ ತೆಗೀಬೇಕು ಅಂತ ಬಂದಿದ್ದ. ಅವಂದೂ ಇದೇ ಕಾರ್ಡು ಚಿಕ್ಕಿ. ಅವನಿಗೂ ಈ ಬ್ಲಾಕು ಬೇಕಾಗಿತ್ತು."

ಕೇಳಿದವರಿಗೆ ಹೌದೆನ್ನಿಸುವ ಮಾತೇ. ಪ್ರದೀಪನ ಅಪ್ಪನನ್ನು ಲೆಕ್ಕಕ್ಕೆ ಹಿಡಿಯುವಂತಿರಲಿಲ್ಲ. ಭಾವ ಆ ಕೋಣೆಯ ಹೊಸ್ತಿಲು ಸಹ ದಾಟುವವನಲ್ಲ, ವೈರು ಕಂಡರೆ ಸಾಕು, ಕರೆಂಟು ಹೊಡೆದಂತೆ ದೂರ ನಿಲ್ಲುತ್ತಿದ್ದ. ಹೊರಗಿನ ಕಳ್ಳ ಬಂದಿದ್ದರೆ ಪಕ್ಕದಲ್ಲೇ ಇದ್ದ ಕಾರ್ಡನ್ನು ಬಿಟ್ಟು ಅಂಗೈಯಗಲದ ತಾಮ್ರಕ್ಕೆ ಕೈ ಹಾಕುತ್ತಿರಲಿಲ್ಲ.

ಆದರೆ ಪ್ರದೀಪ ಮಾಡಿದ ಘನಕಾರ್ಯ ಬೇರೆಯದೇ ಇತ್ತು. ಸಿಟ್ಟಿನ ಭರದಲ್ಲಿ ಕಾರವಾರಕ್ಕೆ ಹೋಗಿ, ರೋಷನನ ಮೊಬೈಲ್ ರಿಪೇರಿ ಅಂಗಡಿಯ ಮೆಟ್ಟಿಲ ಮೇಲೆ ನಿಂತು, ಗಿರಾಕಿಗಳ ಎದುರಿಗೇ "ಕಳ್ಳ" ಅಂದಿದ್ದ. ಅಂದು ಬಿಟ್ಟರೆ ಆಯಿತೇ? ಕಳ್ಳನ ಕೈಗೆ ಯಾರು ಫೋನು ಕೊಡುತ್ತಾರೆ? ಬಿಚ್ಚಿಟ್ಟ ಫೋನನ್ನು ಹಾಗೇ ಪೊಟ್ಟಣ ಕಟ್ಟಿಸಿಕೊಂಡು ಹೋದವರಿದ್ದರು.

ಬೆಳಿಗ್ಗೆ ಭಾರತಿ ಆ ಅಂಗಡಿಗೆ ಹೋಗಿ ಬಂದಿದ್ದಳು. ಕಪಾಟು ಖಾಲಿ. ರೋಷನ ಸ್ಟೂಲಿನ ಮೇಲೆ ಕುಳಿತು, ಕೆಲಸವಿಲ್ಲದ ಕೈಯಲ್ಲಿ ಸ್ಕ್ರೂಡ್ರೈವರು ತಿರುಗಿಸುತ್ತಿದ್ದ.

"ನೀ ತಕ್ಕಂಡ್ಯಾ ಇಲ್ವಾ? ಒಂದೇ ಮಾತು ಹೇಳು," ಎಂದಿದ್ದಳು.

"ಪ್ರದೀಪ ಹೇಳಿದ್ನಲ್ಲ ಚಿಕ್ಕಿ," ಎಂದನೇ ಹೊರತು ಹೌದೂ ಅನ್ನಲಿಲ್ಲ, ಅಲ್ಲವೂ ಅನ್ನಲಿಲ್ಲ. ಚಹಾ ತರಿಸಲೇ ಎಂದು ಮಾತ್ರ ಕೇಳಿದ. ಪಾಪ, ಹುಡುಗನಿಗೆ ಬಲವಾಗಿ ನೊಂದಿದೆ ಎಂದುಕೊಂಡಳು ಭಾರತಿ. ಅವನೂ ಅವಳನ್ನು ಚಿಕ್ಕಿ ಎಂದೇ ಕರೆಯುವುದು. ಶಾಲೆಗೆ ಹೋಗುವಾಗಿನಿಂದ ಅಕ್ಕನ ಮನೆಯಲ್ಲಿ ಉಂಡು ಬೆಳೆದವನು.

ಈಗ ಅವಳು ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಕೂದಲೆಳೆಯ ಸಂದಿನ ಗೆರೆಗಳ ನಡುವೆ ಏನೋ ಸಿಕ್ಕಿಕೊಂಡಿತ್ತು. ಗುಂಡುಸೂಜಿಯಿಂದ ಎಬ್ಬಿಸಿ ತೆಗೆದಳು. ಚಿಕ್ಕ ಕಂದು ನಾರು. ತಟ್ಟೆಯ ಬೆನ್ನ ಮೇಲೆ ಸಣ್ಣ ಸಣ್ಣ ಗೀರುಗಳು, ಎಲ್ಲವೂ ಸುತ್ತಸುತ್ತ. ಕೈಯಲ್ಲಿ ಹಿಡಿದು ಒತ್ತಿ ಒತ್ತಿ ಉಜ್ಜಿದ ಗುರುತು.

"ರೋಷನ ಅಂಗಡಿಲಿ ತಾಮ್ರ ಎಂತದ್ರಲ್ಲಿ ಒರೆಸ್ತಾನೋ?"

"ಸ್ಪಿರಿಟ್ಟು. ಬ್ರಶ್ಶು."

"ಸ್ಪಿರಿಟ್ಟು ಹುಳಿ ಇರ್ತದಾ? ಉಪ್ಪು ಇರ್ತದಾ?"

ಭಾರತಿ ತಟ್ಟೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಎದ್ದಳು.

"ನೀ ಇಲ್ಲೇ ಕುತ್ಕ. ಅಡುಗೆಮನೆ ಕಡೆ ತಲೆ ಹಾಕಿದ್ಯೋ, ಕಾಲು ಮುರೀತೆ."

ನಾಗಮ್ಮ ಈಳಿಗೆಮಣೆಯ ಮೇಲೆ ಕುಳಿತು ಕಾಯಿ ತುರಿಯುತ್ತಿದ್ದಳು. ಅವಳ ಬೆನ್ನ ಹಿಂದೆ ಮರದ ಹಲಗೆಯ ಮೇಲೆ ತಂಬಿಗೆ, ಹರಿವಾಣ, ದೀಪದ ಕಂಬ, ಆರತಿ ತಟ್ಟೆ ಸಾಲಾಗಿ ಬೋರಲು ಬಿದ್ದಿದ್ದವು. ಮೂಲೆಯಲ್ಲಿ ಚೆಂಡಿಯಾದ ತವರಿನ ತಾಮ್ರದ ಹಂಡೆ. ಆ ತವರಿನ ಜಾಗವನ್ನು ಸರ್ಕಾರ ನೌಕಾನೆಲೆಗೆ ತೆಗೆದುಕೊಂಡಾಗ ಅಕ್ಕ ಹಟ ಹಿಡಿದು ಹೊತ್ತು ತಂದದ್ದು ಅದೊಂದೇ. ಒಂದೊಂದರಲ್ಲೂ ಮುಖ ನೋಡಿಕೊಳ್ಳಬಹುದಿತ್ತು.

ಭಾರತಿ ನೆಲದ ಮೇಲೆ ಕುಳಿತಳು. ಅಕ್ಕನನ್ನು ವಿಚಾರಣೆ ಮಾಡುವ ಗತಿ ಬಂತಲ್ಲ ಎಂದು ಒಳಗೊಳಗೆ ಮುಜುಗರ. ಊರ ಕಳ್ಳರ ಎದುರು ಹುಲಿಯಂತಿದ್ದವಳಿಗೆ ತನಗೆ ಜಡೆ ಹೆಣೆದ ಕೈಗಳ ಎದುರು ದನಿಯೇ ಏಳಲಿಲ್ಲ. ಹೇಗೋ ಶುರು ಮಾಡಿದಳು.

"ಪಾತ್ರೆ ಎಲ್ಲ ಚಲೋ ಹೊಳೀತದೆ ಅಕ್ಕ."

"ಚವತಿ ಬಂತಲ್ಲೆ. ತಿಕ್ಕದೆ ಇಡುಕಾಗ್ತದಾ?"

"ಎಲ್ಲ ತಿಕ್ಕಿದ್ಯಾ?"

"ಎಲ್ಲ. ಹಿತ್ತಾಳಿದು, ತಾಮ್ರದ್ದು. ಸೊಂಟ ಬಿದ್ದುಹೋಯ್ತು."

"ಪ್ರದೀಪನ ಕೋಣೆದೂ?"

ಕಾಯಿ ತುರಿಯುವ ಸದ್ದು ನಿಂತಿತು.

"ಆ ಕೋಣೆಗೆ ನಾನ್ಯಾಕೆ ಹೋಗಲಿ? ಮುಟ್ಟಬೇಡ ಅಂದಾನೆ ಅವ."

"ಕಸ ಯಾರು ಹೊಡೀತಾರೆ?"

ನಾಗಮ್ಮ ಕಾಯಿಯ ಹೋಳನ್ನು ತಿರುಗಿಸಿ ನೋಡಿದಳು. ಅದರಲ್ಲಿ ತುರಿಯಲು ಇನ್ನೇನೂ ಉಳಿದಿರಲಿಲ್ಲ. ಆದರೂ ಮತ್ತೆ ಈಳಿಗೆಯ ಹಲ್ಲಿಗೆ ಒತ್ತಿದಳು.

ಭಾರತಿ ಸೆರಗು ಬಿಚ್ಚಿ ತಟ್ಟೆಯನ್ನು ಅವಳ ಮುಂದಿಟ್ಟಳು. ಪಕ್ಕದಲ್ಲಿ ಆ ನಾರು.

"ಇದು ತೆಂಗಿನ ನಾರು. ರೋಷನನ ಅಂಗಡಿಲಿ ತೆಂಗಿನ ನಾರು ಇಲ್ಲ. ಮತ್ತೆ ಈ ತೂತಲ್ಲಿ ಹುಣಸೆ ಹುಳಿ ಅದೆ. ಬರೀ ಹುಳಿ ಅಲ್ಲ, ಬೀಜ ತೆಗೆದು, ಕಲ್ಲುಪ್ಪು ಬೆರೆಸಿ ಭರಣಿಗೆ ತುಂಬಿದ್ದು. ಅದ್ರಲ್ಲೂ ಕೈ ತಪ್ಪಿದಷ್ಟು ಉಪ್ಪು. ಹಾಗೆ ಸುರಿಯುದು ನೀನೊಬ್ಬಳೇ. ನಮ್ಮ ಆಯಿ ಇದ್ದಾಗಲೂ ಅವಳ ಹತ್ರ ಬೈಸ್ಕಂತಿದ್ದೆ."

"ಉಪ್ಪು ಅಂತ ಹೆಂಗೆ ಗೊತ್ತಾಯ್ತು ನಿಂಗೆ?"

"ನೆಕ್ಕಿ ನೋಡಿದೆ."

"ತಾಮ್ರ ನೆಕ್ಕಿದ್ಯಾ?" ನಾಗಮ್ಮ ದಡಬಡಿಸಿ ಎದ್ದೇಬಿಟ್ಟಳು. "ಮಳ್ಳಿ, ಅದ್ರಲ್ಲಿ ಕಿಲುಬು ಇರ್ತದೆ. ಹೊಟ್ಟೆಗೆ ಹೋದ್ರೆ ಎಂತಾಗಬೇಕು? ಪೊಲೀಸ್ ಕೆಲಸ ಮಾಡಿದ್ಲಂತೆ, ಇಷ್ಟು ಬುದ್ಧಿ ಇಲ್ಲ. ಮುಕ್ಕಳಿಸು ಮೊದ್ಲು."

ತಂಬಿಗೆಯ ನೀರು ಕೈಗೆ ಕೊಟ್ಟು, ಹಿತ್ತಿಲ ಬಾಗಿಲಿಗೆ ದಬ್ಬಿಕೊಂಡು ಹೋಗಿ, ಮುಕ್ಕಳಿಸಿ ಉಗುಳುವ ತನಕ ತಲೆಯ ಮೇಲೆ ನಿಂತಳು. ಆಮೇಲೆ ಒಂದು ಲೋಟ ಮಜ್ಜಿಗೆ. ಅದನ್ನು ಕುಡಿಸಿ ಮುಗಿಸುವ ಹೊತ್ತಿಗೆ, ತಾನು ಸಿಕ್ಕಿಬಿದ್ದವಳೆಂಬುದು ಅವಳಿಗೇ ನೆನಪಾಯಿತು. ಮೆಲ್ಲಗೆ ಮಣೆಯ ಮೇಲೆ ಕುಸಿದಳು.

"ನೀರು ತಿರುಗುದು ಇದರೊಳಗೆ ಅಂದಿದ್ದ," ಎಂದಳು ತಟ್ಟೆಯನ್ನು ಕೈಗೆತ್ತಿಕೊಂಡು. "ನೀರು ಹಾಕು ತಾಮ್ರವ ಹಾಂಗೆ ಕಂದುಗಟ್ಟಿಸಿ ಇಡುದಾ? ಅದೂ ಚವತಿ ಹೊತ್ತಿಗೆ? ಮನೆಲಿರು ತಾಮ್ರ ಎಲ್ಲ ಬಾವಿಕಟ್ಟೆಗೆ ಹೋಯ್ತು, ಇದೊಂದು ಯಾಕೆ ಉಳೀಬೇಕು ಅಂತ ಮಾಡಿದೆ. ಅವ ಬಂದು ನೋಡಿ ಖುಷಿ ಪಡ್ತಾನೆ ಅಂದ್ಕಂಡಿದ್ದೆ."

"ಹೇಳುಕೆ ಎಂತಾಗಿತ್ತು?"

"ಹೇಳುವ ಅಂದ್ರೆ ಅವ ಕೆಂಡಾಮಂಡಲ ಆಗಿ ಕಾರವಾರಕ್ಕೆ ಹೋಗಾಗಿತ್ತು. ರೋಷನಿಗೆ ಕಳ್ಳ ಅಂದ್ನಂತೆ ಅಂತ ಕೇಳಿ ನನ್ನ ಕೈಕಾಲು ತಣ್ಣಗಾಯ್ತು. ಮತ್ತೆ ಬಾಯಿ ಬರಲಿಲ್ಲ."

ಭಾರತಿಗೆ ಸಿಟ್ಟು ಉಕ್ಕಿ ಬಂತು. "ಅಲ್ಲಿ ಒಬ್ಬನ ಅಂಗಡಿ ಮುಚ್ಚು ಗತಿ ಬಂದದೆ ಅಕ್ಕ. ನಿನ್ನ ಕೈತುತ್ತು ತಿಂದ ಹುಡುಗ. ನೀ ಇಲ್ಲಿ ಕಾಯಿ ತುರೀತಾ ಕುತ್ಕಂಡ್ಯಲ್ಲ."

ನಾಗಮ್ಮ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡಳು. ಕಣ್ಣಿಂದ ನೀರು ಇಳಿದು ಗಲ್ಲಕ್ಕೆ ಬಂದರೂ ಒರೆಸಿಕೊಳ್ಳಲಿಲ್ಲ. ಅದನ್ನು ನೋಡಿ ಭಾರತಿಯ ಸಿಟ್ಟು ಬಂದ ದಾರಿಯಲ್ಲೇ ಹಿಂದೆ ಹೋಯಿತು. ತನ್ನ ಸೆರಗಿನಿಂದ ಅಕ್ಕನ ಮುಖ ಒರೆಸಿದಳು. ಬೈಯಲು ಬೇರೆ ದಿನವಿದೆ ಎಂದುಕೊಂಡಳು.

ಬಾಗಿಲ ಹತ್ತಿರ ಯಾರೋ ಮೂಗೆಳೆದ ಸದ್ದು. ಪ್ರದೀಪ. ಕೋಣೆಯಲ್ಲೇ ಕೂರು ಎಂದರೆ ಈ ಮನೆಯಲ್ಲಿ ಯಾರು ಕೂರುತ್ತಾರೆ?

"ಆಯಿ," ಎಂದ ತಾಯಿಯ ಕಡೆ ತಿರುಗಿ. ನಗಬೇಕೋ ಅಳಬೇಕೋ ತಿಳಿಯದೆ ಅವನ ಬಾಯಿ ಒಂದು ನಮೂನೆ ಸೊಟ್ಟಗಾಗಿತ್ತು. "ಉಪ್ಪು ಹುಳಿ ಒಳಗೆ ಉಳಿದ್ರೆ ತಾಮ್ರ ತಿಂದುಹಾಕ್ತದೆ. ಇದಕ್ಕೆ ಹಾಕುದು ಬ್ಯಾಟರಿಗೆ ಹಾಕ್ತಾರಲ್ಲ, ಅಂಥ ಶುದ್ಧ ನೀರು. ಒಂದು ಕಣ ಉಪ್ಪು ಇರೂಕಾಗದು."

"ಮತ್ತೆ ತೊಳೆದು ಕೊಡ್ತೆ ಮಗಾ. ಬಿಸಿನೀರಲ್ಲಿ."

"ಬೇಡ, ನೀ ಮುಟ್ಟಬೇಡ. ನಾನೇ ತೊಳೀತೆ." ಎಂದವನು ಇದ್ದಕ್ಕಿದ್ದಂತೆ ಅಲ್ಲೇ ಹೊಸ್ತಿಲ ಮೇಲೆ ಕುಳಿತು ತಲೆಗೆ ಕೈ ಹೊತ್ತ. "ನಾ ಅವನಿಗೆ ಕಳ್ಳ ಅಂದೆ ಚಿಕ್ಕಿ. ಅಷ್ಟು ಜನರ ಎದುರಿಗೆ."

"ಅಂದೆ. ಈಗ ಅಷ್ಟೇ ಜನರ ಎದುರಿಗೆ ಅಲ್ಲ ಅಂತ ಹೇಳಬೇಕು. ಅದೇ ಮೆಟ್ಟಿಲ ಮೇಲೆ ನಿಂತು."

"ಹೇಳ್ತೆ. ಕಾಲು ಹಿಡಿ ಅಂದ್ರೂ ಹಿಡೀತೆ. ಅವ ಇಲ್ಲದೆ ಈ ಮಿಷನ್ ಕಟ್ಕಂಡು ಎಂತ ಮಾಡುದು? ಯಾವ ಪೈಪು ಎಲ್ಲಿ ಹಾಕುದು ಅಂತ ಯಾರ ಹತ್ರ ಜಗಳ ಆಡುದು ನಾನು?"

ಫೋನು ಹಚ್ಚಿದ. ರಿಂಗಾಯಿತು, ಎತ್ತಲಿಲ್ಲ. ಇನ್ನೊಂದು ಸಲ. ಎತ್ತಲಿಲ್ಲ. ಅಂಗಿ ಸಿಕ್ಕಿಸಿಕೊಂಡು ಬೈಕಿನ ಕೀ ಹುಡುಕತೊಡಗಿದ. ಭಾರತಿಗೆ ಮನಸ್ಸು ಹಗುರವಾಯಿತು. ಕಳ್ಳನಿಲ್ಲದ ಕಳ್ಳತನ. ತಾಯಿಯ ಪ್ರೀತಿ, ತೆಂಗಿನ ನಾರು, ಹಿಡಿ ಹುಣಸೆ, ಇಷ್ಟೇ. ಸಂಜೆಯ ಬಸ್ಸಿಗೆ ಕಾರವಾರಕ್ಕೆ ಹೋಗಬಹುದು ಎಂದು ಲೆಕ್ಕ ಹಾಕಿ, ಇನ್ನೊಂದು ಲೋಟ ಮಜ್ಜಿಗೆಗೆ ಕೈ ಚಾಚಿದಳು.

ಅಂಗಳದಲ್ಲಿ ಬೈಕು ನಿಂತ ಸದ್ದಾಯಿತು.

ಬಂದವನು ರೋಷನನೇ. ಶೇವ್ ಮಾಡದ ಮುಖ, ಹೆಗಲಿಗೆ ಅಂಗಡಿಯ ಚೀಲ. ಯಾವಾಗಲೂ "ಆಯಿ, ಊಟಕ್ಕೆ ಎಂತ?" ಎಂದು ಕೂಗುತ್ತ ನೇರ ಅಡುಗೆಮನೆಗೆ ನುಗ್ಗುವವನು ಇವತ್ತು ಜಗುಲಿಯ ಮೇಲೇ ನಿಂತ.

ಪ್ರದೀಪ ಓಡಿಹೋಗಿ ಅವನ ಎರಡೂ ಕೈ ಹಿಡಿದುಕೊಂಡ. "ತಪ್ಪಾಯ್ತೋ. ನಂದೇ ತಪ್ಪು. ತಾಮ್ರ ತಿಕ್ಕಿದ್ದು ಆಯಿ. ಚವತಿಗೆ ಅಂತ ಹುಣಸೆ ಹಾಕಿ ತಿಕ್ಕಿದ್ಳಂತೆ. ಈಗಲೇ ಅಂಗಡಿಗೆ ಹೋಗುವ, ಎಲ್ಲರ ಎದುರಿಗೆ ಹೇಳ್ತೆ, ನೀ ಎಂತದೂ ತಕ್ಕಂಡಿಲ್ಲ ಅಂತ."

"ಕೈ ಬಿಡು ಪ್ರದೀಪ."

"ಬಿಡೂದಿಲ್ಲ. ಬೈಯಿ, ಹೊಡಿ, ಎಂತ ಬೇಕಾರೂ ಮಾಡು."

"ಕೈ ಬಿಡು ಅಂದೆ. ನೀ ಅಂದದ್ದು ಸುಳ್ಳಲ್ಲ."

ರೋಷನ ತನ್ನ ಕೈ ಬಿಡಿಸಿಕೊಂಡು ಚೀಲದಿಂದ ಒಂದು ಪೊಟ್ಟಣ ತೆಗೆದ. ಪೇಪರು ಬಿಚ್ಚಿ ಜಗುಲಿಯ ಕಟ್ಟೆಯ ಮೇಲಿಟ್ಟ. ಅಂಗೈಯಗಲದ ತಾಮ್ರದ ತಟ್ಟೆ. ಕಂದುಗಟ್ಟಿದ್ದು.

"ಇದು ನಿಂದು. ಪುಣೆಯಿಂದ ಬಂದದ್ದು. ಬದಲು ಮಾಡಿದ್ದು ನಾನೇ. ಒಳಗೆ ಇರೂದು ನಂದು."

ಪ್ರದೀಪ ತಟ್ಟೆಯನ್ನು ಎತ್ತಿಕೊಂಡು, ಮಗುಚಿ, ಇನ್ನೊಂದು ಸಲ ಮಗುಚಿ ನೋಡಿದ. ತನ್ನದೇ ಎಂದು ಅವನ ಮುಖ ಹೇಳುತ್ತಿತ್ತು.

ಭಾರತಿಯ ಕೈಯಲ್ಲಿ ಮಜ್ಜಿಗೆ ಹಾಗೇ ಉಳಿಯಿತು. ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಹೊಳಪು ಹೇಗೆ ಬಂತು ಎಂದು ಹುಡುಕುತ್ತ ಹೋದಳೇ ವಿನಾ, ಹೊಳೆಯುತ್ತಿರುವುದು ಯಾರ ತಾಮ್ರ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಅಕ್ಕ ತಿಕ್ಕಿದ್ದು ನಿಜ. ರೋಷನ ಬದಲಿಸಿದ್ದೂ ನಿಜ. ಅಕ್ಕ ಬಾವಿಕಟ್ಟೆಗೆ ಒಯ್ಯುವ ಹೊತ್ತಿಗಾಗಲೇ ಮೇಜಿನ ಮೇಲಿದ್ದದ್ದು ರೋಷನನ ತಟ್ಟೆ.

"ಯಾಕೋ?" ಪ್ರದೀಪ ತಟ್ಟೆಯನ್ನು ಅವನತ್ತ ಚಾಚಿದ. "ನಿನ್ನ ಹತ್ರ ಇದ್ದಿತ್ತು ಅಂದ್ರೆ ನಂದು ಯಾಕೆ ಬೇಕಾಯ್ತು? ಒಂದು ಮಾತು ಕೇಳಿದ್ರೆ ನಾ ಕೊಡ್ತಿರ್ಲಿಲ್ವೇನೋ?"

ರೋಷನ ಬಾಯಿ ತೆರೆದ. ಆದರೆ ಅವನ ಕಣ್ಣು ಪ್ರದೀಪನನ್ನು ದಾಟಿ, ಭಾರತಿಯನ್ನೂ ದಾಟಿ, ನಡುಬಾಗಿಲಲ್ಲಿ ಬಂದು ನಿಂತಿದ್ದ ನಾಗಮ್ಮನ ಮೇಲೆ ನಿಂತಿತು. ಇನ್ನು ತಡೆಯಲಾರೆ ಎಂಬಂತೆ ಅವನು ಅವಳನ್ನೇ ನೋಡುತ್ತಿದ್ದ.

ನಾಗಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ರೋಷನ," ಎಂದಳು. "ನಿಂಗೆ ನನ್ನ ಆಣೆ ಅದೆ. ಯಾಕೆ ಬದಲು ಮಾಡಿದೆ, ಅದೊಂದು ಮಾತ್ರ ನನ್ನ ಮಗನ ಎದುರಿಗೆ ಹೇಳಬೇಡ."